ಸಾಹುಕಾರರ ಕಾರಿನಲ್ಲಿ ಇರದಿದ್ದ ಕಂಡೆನ್ಸರ್

ಉರುಕುಂದಪ್ಪ, ಆ ಕಂಡೆನ್ಸರನ್ನು ಯಾರೂ ಕದಿಯಲಿಲ್ಲ. ನೀನೂ ಅಲ್ಲ, ನಿನ್ನ ತಮ್ಮನೂ ಅಲ್ಲ. ನಾನು ಅದನ್ನು ಸಾಹುಕಾರರ ಕಾರಿಗೆ ಹಾಕಿರಲೇ ಇಲ್ಲ. ಹಾಕಿದ್ದೇನೆಂದು ಸುಳ್ಳು ಹೇಳಿದೆ.

ನೋಡು, ಎಷ್ಟು ಸಣ್ಣ ಮಾತು. ಒಂದು ಉಸಿರಿಗೆ ಮುಗಿದುಹೋಯಿತು. ಇಷ್ಟನ್ನು ಹೇಳಲು ಎಂಟೊಂಬತ್ತು ವರ್ಷ ನನ್ನ ಬಾಯಿಗೆ ಏನಾಗಿತ್ತು? ಏನೂ ಆಗಿರಲಿಲ್ಲ. ಊಟ ಮಾಡುತ್ತಿತ್ತು, ಗಿರಾಕಿಗಳ ಜೊತೆ ಹರಟೆ ಹೊಡೆಯುತ್ತಿತ್ತು, ಸಂಜೆ ಅಪ್ಪನ ಪಕ್ಕ ಕೂತು ಸ್ತೋತ್ರವನ್ನೂ ಹೇಳುತ್ತಿತ್ತು. ಥೂ!

ನಿನಗೆ ಗೊತ್ತಿರುವುದನ್ನೂ ಇಲ್ಲಿ ಒಬ್ಬನೇ ಕೂತು ಹೇಳಿಕೊಳ್ಳುತ್ತೇನೆ, ಯಾಕೆಂದರೆ ನಿನಗೆ ಗೊತ್ತಿರುವುದರಲ್ಲಿ ಅರ್ಧ ನಾನು ಕಟ್ಟಿದ್ದು. ಆದೋನಿಯ ಬಜಾರಿನಲ್ಲಿ ನನ್ನ ರೇಡಿಯೊ ರಿಪೇರಿ ಅಂಗಡಿ ಆಗಿನ್ನೂ ಹೊಸದು. ಗುಡಿಯ ಪೂಜೆ ಮಾಡುವ ಆಚಾರ್ಯರ ಮಗ ಸೋಲ್ಡರಿಂಗ್ ಕಡ್ಡಿ ಹಿಡಿದನಲ್ಲ ಎಂದು ಜನ ನಗುತ್ತಿದ್ದರು. ನಕ್ಕರೂ ನನ್ನಲ್ಲಿಗೇ ಬರುತ್ತಿದ್ದರು, ಆಚಾರ್ರ ಮಗ ಹಳೇ ಸಾಮಾನು ಹಾಕಿ ಮೋಸ ಮಾಡೋದಿಲ್ಲ ಅಂತ. ಹತ್ತಿ ಬಿಡಿಸುವ ಜಿನ್ನಿನ ಸಾಹುಕಾರರೂ ಹಾಗೇ ಬಂದರು. ಮಗಳ ಮದುವೆ ಹತ್ತಿರ ಬಂದಿತ್ತು; ಹೊಸ ಅಂಬಾಸಿಡರ್ ಕೊಂಡಿದ್ದರು; ಮದರಾಸಿನಿಂದ ಟೇಪ್ ಸೆಟ್ಟು ಮತ್ತು ಜೋರಾಗಿ ಕೇಳಿಸಲು ಬೇರೆಯದೇ ಒಂದು ಆಂಪ್ಲಿಫೈಯರ್ ಪೆಟ್ಟಿಗೆ ತರಿಸಿದ್ದರು. ಮದುಮಗ ಆ ಕಾರಿನಲ್ಲೇ ಮೆರವಣಿಗೆ ಬರಬೇಕು, ಹಾಡು ಬೀದಿಗೆಲ್ಲ ಕೇಳಬೇಕು. ನೀನು ಆ ಕಾರಿನ ಡ್ರೈವರ್. ನನಗಿಂತ ಹತ್ತು ವರ್ಷ ದೊಡ್ಡವನು. ನಾನು 'ನೀನು' ಅಂದರೂ ನೀನು 'ರೀ' ಬಿಟ್ಟು ಮಾತಾಡಿದವನಲ್ಲ.

ಕೆಲಸ ಶುರು ಮಾಡಿದ ದಿನ ಸಾಹುಕಾರರ ತಾಯಿ ಹೊರಗೆ ಬಂದು ನನ್ನ ಡ್ರಿಲ್ಲು ನೋಡಿ ಎದೆ ಹಿಡಿದುಕೊಂಡದ್ದು ನೆನಪಿದೆಯಾ? "ಅಯ್ಯಯ್ಯೋ, ಹೊಸ ಗಾಡಿಗೆ ತೂತು ಹಾಕ್ತೀಯೇನಪ್ಪ? ಪೂಜಿ ಆಗಿ ವರ್ಷ ತುಂಬಿಲ್ಲ. ಗೀರೂ ಬೀಳಬಾರ್ದು ಅದಕ್ಕ." ನಮ್ಮ ಕಡೆ ಹೊಸ ಗಾಡಿ ಎಂದರೆ ಮನೆಗೆ ಬಂದ ಲಕ್ಷ್ಮಿ; ಆಚಾರ್ಯರ ಮಗನಾಗಿ ನಾನು ಏನೆಂದು ವಾದಿಸಲಿ? ಆಯ್ತಮ್ಮ ಎಂದೆ. ಆಂಪ್ಲಿಫೈಯರ್ ಪೆಟ್ಟಿಗೆಯನ್ನು ಸೀಟಿನ ಕೆಳಗಿಟ್ಟು, ಅದರ ಅರ್ತ್ ತಂತಿಯನ್ನು ಸೀಟು ಬಿಗಿದ ಬೋಲ್ಟಿಗೇ ಸುತ್ತಿದೆ. ಆ ತಂತಿಯನ್ನು ಬಣ್ಣ ಕೆರೆದು ಬರಿಯ ಕಬ್ಬಿಣಕ್ಕೆ ಬಿಗಿಯಬೇಕು. ಬಣ್ಣದ ಮೇಲೆ ಬಿಗಿದರೆ ಕರೆಂಟು ಸರಿಯಾಗಿ ವಾಪಸು ಹೋಗುವುದಿಲ್ಲ, ಡೈನಮೋದ ಗಲಾಟೆಯೆಲ್ಲ ಸ್ಪೀಕರಿಗೆ ನುಗ್ಗುತ್ತದೆ. ಇದು ನನಗೆ ಗೊತ್ತಿತ್ತು. ಮುದುಕಿ ಅಲ್ಲೇ ನಿಂತಿದ್ದಳು — ಕೆರೆಯಲಿಲ್ಲ. ಆಮೇಲೆ ಮರೆತೆ.

ಅದು ತಪ್ಪು, ಸುಳ್ಳಲ್ಲ. ಸುಳ್ಳು ಇನ್ನೊಂದು. ಡೈನಮೋದ ಸಪ್ಪಳ ಅಡಗಿಸಲು ಅದಕ್ಕೊಂದು ಕಂಡೆನ್ಸರ್ ಹಾಕಬೇಕು ಎಂದು ಸಾಹುಕಾರರಿಗೆ ದೊಡ್ಡದಾಗಿ ವಿವರಿಸಿದ್ದೆ, ಅದರ ದುಡ್ಡನ್ನೂ ತೆಗೆದುಕೊಂಡಿದ್ದೆ. ಅಂಗಡಿಯಲ್ಲಿ ಇರಲಿಲ್ಲ. ಬಳ್ಳಾರಿಯಿಂದ ಸಾಮಾನು ಬಂದ ಮೇಲೆ ಸದ್ದಿಲ್ಲದೆ ಹಾಕಿದರಾಯಿತು ಎಂದುಕೊಂಡೆ. ಕೇಳಿದಾಗ, ಎಲ್ಲಾ ಹಾಕೀನ್ರಿ, ಎಂದೆ.

ಬೀಗರು ಬಂದ ದಿನ ಸಾಹುಕಾರರು ಟೇಪು ಹಚ್ಚಿಸಿದರು. ಕಾರು ನಿಂತಿರುವಾಗ ಹಾಡು ಚೆನ್ನಾಗಿಯೇ ಬಂತು. ನೀನು ಇಂಜಿನ್ ಚಾಲೂ ಮಾಡಿದೆ — ಕುಂಯ್ ಎಂದು ಶುರುವಾಯಿತು. ಎಕ್ಸಲರೇಟರ್ ಒತ್ತಿದಷ್ಟೂ ಏರಿತು. ಹಾಡು ಮುಳುಗಿಹೋಯಿತು. ಬೀಗರಲ್ಲಿ ಯಾರೋ, "ಒಳಗ ಬೆಕ್ಕು ಸಿಕ್ಕೊಂಡೈತೇನ್ರೀ?" ಎಂದು ನಕ್ಕರು. ಸಾಹುಕಾರರ ಮುಖ ಕೆಂಪಾಯಿತು. ನನ್ನನ್ನು ಕರೆಸಿದರು. ಅಂಗಳದಲ್ಲಿ ಇಪ್ಪತ್ತು ಜನ. ಬಾನೆಟ್ ಎತ್ತಿಸಿ, "ಆ ಕಂಡೆನ್ಸರೋ ಪಂಡೆನ್ಸರೋ ಎಲ್ಲೈತಿ, ತೋರ್ಸು" ಅಂದರು.

ತೋರಿಸಲು ಏನಿತ್ತು? ಕೈ ಒರೆಸಿಕೊಂಡೆ, ಬಗ್ಗಿ ನೋಡಿದೆ, ಹುಡುಕುವವನ ಹಾಗೆ ನಟಿಸಿದೆ — ಹೌದು, ನಟಿಸಿದೆ. ಆಮೇಲೆ ಅಂದೆ:

"ಹಾಕಿದ್ದೆ ರೀ. ಯಾರೋ ಬಿಚ್ಚ್ಯಾರ."

ನಿನ್ನ ಹೆಸರು ಹೇಳಲಿಲ್ಲ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಂಥ ಸಮಾಧಾನ! ಆ ಬಾನೆಟ್ಟನ್ನು ಎತ್ತುವವನು ನೀನೊಬ್ಬನೇ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು. ನೀನು ಕಾರಿನಿಂದ ಇಳಿದು ಬಂದೆ. "ನಾನು ಮುಟ್ಟಿಲ್ಲ ಧಣಿ. ನಮ್ಮವ್ವನಾಣೆ, ಅದು ಎಂಗ ಇರ್ತೈತಂತನೂ ನನಗ ಗೊತ್ತಿಲ್ಲ."

ಸಾಹುಕಾರರು ನಿನ್ನ ಮುಖ ನೋಡಲಿಲ್ಲ, ನನ್ನ ಹಣೆಯ ನಾಮ ನೋಡಿದರು. "ಆಚಾರ್ರ ಮಗ ಸುಳ್ಳು ಹೇಳ್ತಾನೇನಲೇ? ಕೀಲಿ ಇಡು ಇಲ್ಲಿ."

ನೀನು ಕೀಲಿ ಇಟ್ಟೆ. ಇಟ್ಟು ನನ್ನ ಕಡೆ ಒಮ್ಮೆ ನೋಡಿದೆ. ನಾನು ಸ್ಕ್ರೂಡ್ರೈವರ್ ಹುಡುಕುತ್ತಿದ್ದೆ.

ಮುಂದಿನದು ನಿನಗೆ ಗೊತ್ತಿಲ್ಲ, ಕೇಳು. ಕಂಡೆನ್ಸರ್ ತರಿಸಿ ಹಾಕಿದೆ. ಕುಂಯ್ ಹೋಗಲಿಲ್ಲ! ಸೆಟ್ಟು ಬಿಚ್ಚಿದೆ, ಸ್ಪೀಕರ್ ತಂತಿಯ ದಾರಿ ಬದಲಿಸಿದೆ, ಪ್ಲಗ್ಗಿನ ತಂತಿಗಳನ್ನು ಬೇರೆ ಹಾಕಿದೆ, ಬ್ಯಾಟರಿಯಿಂದ ನೇರ ತಂತಿ ಎಳೆದೆ. ಹೋಗಲಿಲ್ಲ. ಊಟ ಸೇರುತ್ತಿರಲಿಲ್ಲ. ದಾರಿಯಲ್ಲಿ ಯಾವ ಗಾಡಿ ಹೋದರೂ ಕಿವಿ ನಿಮಿರುತ್ತಿತ್ತು. ಕೊನೆಗೆ ಸೀಟಿನ ಕೆಳಗೆ ಕೈ ಹಾಕಿ ಆ ಅರ್ತ್ ತಂತಿಯನ್ನು ಹಿಡಿದು ಅಲ್ಲಾಡಿಸಿದಾಗ ಸಪ್ಪಳ ಹೆಚ್ಚುಕಮ್ಮಿಯಾಯಿತು. ಆಗ ಗೊತ್ತಾಯಿತು. ಮುದುಕಿ ಗುಡಿಗೆ ಹೋದ ಹೊತ್ತು ನೋಡಿ ಬೋಲ್ಟಿನ ಕೆಳಗಿನ ಬಣ್ಣವನ್ನು ಚಾಕುವಿನಿಂದ ಕೆರೆದು ತಂತಿ ಬಿಗಿದೆ. ಹಾಡು ತಿಳಿಯಾಗಿ ಬಂತು.

ಅಂದರೆ ನಾನು ಹೇಳಿದ ಕಂಡೆನ್ಸರ್ ಅಲ್ಲಿ ಇದ್ದಿದ್ದರೂ ಅವತ್ತು ಸಪ್ಪಳ ಬಂದೇ ಬರುತ್ತಿತ್ತು. ನಿನ್ನ ಮೇಲೆ ಹೊರಿಸಿದ ಕಳ್ಳತನಕ್ಕೂ ಆ ಸಪ್ಪಳಕ್ಕೂ ಸಂಬಂಧವೇ ಇರಲಿಲ್ಲ. ಸಾಹುಕಾರರು ಮಾತ್ರ ನನ್ನ ಬೆನ್ನು ತಟ್ಟಿ, "ಚೂಶಾವಾ, ನೋಡಿದ್ಯಾ? ಕಳ್ಳ ಹೋದ, ಸಪ್ಪಳಾನೂ ಹೋತು!" ಎಂದು ನಕ್ಕರು. ನಾನೂ ನಕ್ಕೆ ಉರುಕುಂದಪ್ಪ. ಅವತ್ತೇ ಹೇಳಬಹುದಿತ್ತು, ನಿನ್ನ ಕೆಲಸ ಉಳಿಯುತ್ತಿತ್ತು. ನನ್ನ ಅಂಗಡಿ — ಬೇಡ, ಅಂಗಡಿಯ ಮಾತು ಬೇಡ. ಹೇಳಲಿಲ್ಲ, ಅಷ್ಟೇ.

ಆಮೇಲೆ ಆದೋನಿಯಲ್ಲಿ ಯಾರೂ ನಿನ್ನ ಕೈಗೆ ಗಾಡಿ ಕೊಡಲಿಲ್ಲ, ನೀನು ಪೆದ್ದಕಡುಬೂರಿಗೆ ವಾಪಸು ಹೋಗಿ ಕೂಲಿಗೆ ನಿಂತೆ ಎಂದು ಕೇಳಿದೆ. ನೀನು ನನ್ನನ್ನು ಶಪಿಸುತ್ತಿರಬೇಕು ಎಂದುಕೊಂಡಿದ್ದೆ. ವಿಚಿತ್ರ ನೋಡು, ಅದರಿಂದ ನನಗೆ ಒಂದು ಬಗೆಯ ನೆಮ್ಮದಿಯೂ ಇತ್ತು. ಬೈಸಿಕೊಂಡು ತೀರಿಸುತ್ತಿದ್ದೇನೆ ಎಂದು.

ಹೋದ ತಿಂಗಳು ನೀನು ಟ್ರಾನ್ಸಿಸ್ಟರ್ ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿದೆ. ಬಂದ, ಇವತ್ತು ಇಸ್ಪೀಟಿನ ಎಲೆ ಬಿಚ್ಚಿದ ಹಾಗೆ ಎಲ್ಲ ಬಿಚ್ಚುತ್ತಾನೆ ಎಂದುಕೊಂಡೆ. ನೀನು ಸ್ಟೂಲಿನ ಮೇಲೆ ಕೂತು, ನನ್ನನ್ನೇ ಸಮಾಧಾನ ಮಾಡುವವನ ಹಾಗೆ ಹೇಳಿದೆ:

"ನಿಮ್ದೇನು ತಪ್ಪಿಲ್ರಿ ಆಚಾರ್ರೆ. ನೀವು ಹಾಕಿದ್ದು ಖರೇನ. ನಾ ಬಿಚ್ಚಿಲ್ಲ ಅನ್ನೋದೂ ಖರೇ. ಮತ್ತ ಯಾರು? ನಮ್ಮ ತಮ್ಮ ರಾಮಾಂಜಿನ. ದಿನಾ ಗಾಡಿ ತೊಳ್ಯಾಕ ಅವನೇ ಬರ್ತಿದ್ನಲ್ರಿ. ಕೇಳಿದ್ರ ಇಲ್ಲ ಅಂದ. ಹೊಡದೆ. ಹೆಂಡ್ತಿ ಕರ್ಕೊಂಡು ಎಮ್ಮಿಗನೂರಿಗೆ ಹೋದ. ಅವ್ವ ಸತ್ತಾಗ ಮಣ್ಣಿಗೆ ಬಂದು ದೂರ ನಿಂತು ನೋಡಿ ಹೋದ. ನಾನು ಕರೀಲಿಲ್ರಿ. ಕಳ್ಳನ್ನ ಎಂಗ ಕರೀಲಿ?"

ನೀನು ನನ್ನನ್ನು ನಂಬಿದ್ದೆ! ಎಲ್ಲರ ಹಾಗೆ ನೀನೂ. ನನ್ನ ಮಾತು ಸುಳ್ಳಿರಬಹುದು ಎಂಬುದೊಂದು ನಿನ್ನ ತಲೆಗೆ ಬರಲೇ ಇಲ್ಲ. ನಿನ್ನ ಒಡಹುಟ್ಟಿದವನೇ ಕಳ್ಳ ಎಂಬುದು ಬಂತು. ಆಗಲಾದರೂ ಬಾಯಿ ಬಿಡಬೇಕಿತ್ತಲ್ಲ? ನೀನು ಎದುರಿಗೇ ಇದ್ದೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ನಾನು ನಿನ್ನ ಟ್ರಾನ್ಸಿಸ್ಟರಿನ ಬ್ಯಾಟರಿ ಬದಲಿಸಿ, ಇಷ್ಟೇ ಆಗಿತ್ತು ಎಂದು ಕೊಟ್ಟೆ. ಎರಡನೆಯ ಸಲ. ಮೊದಲ ಸಲ ಇಪ್ಪತ್ತು ಜನರ ಹೆದರಿಕೆ ಇತ್ತು. ಈ ಸಲ ಯಾರ ಹೆದರಿಕೆ?

ನಿನ್ನೆ ಎಮ್ಮಿಗನೂರಿಗೆ ಹೋಗಿದ್ದೆ. ರಾಮಾಂಜಿಯನ್ನು ಮೊದಲು ನೋಡಿದ್ದು ಯಾಕೆಂದರೆ, ಸುಳ್ಳೇಕೆ, ನಿನ್ನನ್ನು ನೋಡಲು ಧೈರ್ಯವಿರಲಿಲ್ಲ. ಮಗ್ಗದ ಮನೆಯಲ್ಲಿ ಕೂಲಿ ನೇಯುತ್ತಿದ್ದಾನೆ. ಕೂದಲು ಬೆಳ್ಳಗಾಗಿದೆ. ಹೊರಗೆ ಕರೆದು, ಬೇವಿನ ಮರದ ಕೆಳಗೆ ನಿಲ್ಲಿಸಿ, ಎಲ್ಲವನ್ನೂ ಹೇಳಿದೆ. ಕಾಲಿಗೆ ಬೀಳಲು ಬಗ್ಗಿದೆ. ಅವನು ಹಿಂದಕ್ಕೆ ಸರಿದ. ಬೈಯಲಿಲ್ಲ. ಇಷ್ಟೇ ಅಂದ:

"ನಾನು ಕದ್ದಿಲ್ಲ ಅನ್ನೋದು ನನಗ ಅವತ್ತೇ ಗೊತ್ತೈತಲ್ರಿ. ನನಗ್ಯಾಕ ಹೇಳ್ತೀರಿ? ನಮ್ಮಣ್ಣಗ ಹೇಳ್ರಿ."

ಹೇಳಿ ಒಳಗೆ ಹೋದ. ಮಗ್ಗದ ಸದ್ದು ಮತ್ತೆ ಶುರುವಾಯಿತು. ನಾನು ಬಸ್ ನಿಲ್ದಾಣಕ್ಕೆ ನಡೆದು ಬಂದೆ.

ಕ್ಷಮಿಸು ಎಂದು ಕೇಳಲು ನನಗೆ ಬಾಯಿಲ್ಲ, ಕೇಳುವುದೂ ಇಲ್ಲ. ಸಾಹುಕಾರರಿಗೂ ಹೇಳುತ್ತೇನೆ, ನಮ್ಮಪ್ಪನಿಗೂ ಹೇಳುತ್ತೇನೆ, ಅದು ಆಮೇಲೆ. ನಾಳೆ ಪೆದ್ದಕಡುಬೂರಿಗೆ ಬರುತ್ತೇನೆ. ನಿನ್ನ ಹೆಂಡತಿ, ನೆರೆಯವರು, ಯಾರಿದ್ದರೂ ಇರಲಿ, ಅಂಗಳದಲ್ಲೇ ನಿಂತು ಹೇಳುತ್ತೇನೆ. ಮೊದಲ ಬಸ್ಸಿಗೇ ಬರುತ್ತೇನೆ. ಬೇಗ ಹೇಳಿಬಿಟ್ಟರೆ ನೀನು ನಾಳೆಯೇ ಹೋಗಿ ನಿನ್ನ ತಮ್ಮನನ್ನು ಕರೆಯಬಹುದು.