ಹೆಪ್ಪಿನ ನೆಪ

ನಿನ್ನೆ ಬೆಳಿಗ್ಗೆ ಹಾಲು ತೆಗೆಯಲೆಂದು ಫ್ರಿಜ್ ತೆರೆದಾಗ ಆ ವಾಸನೆ ಬಂತು. ಹೊಸ ಬ್ಯಾಂಡೇಜ್ ಪಟ್ಟಿ ಬಿಚ್ಚಿದಾಗ ಬರುತ್ತದಲ್ಲ, ಅಂಥದೇ ಔಷಧದ ವಾಸನೆ. ಬಾಗಿಲಿನ ಖಾನೆಯಲ್ಲಿ ಒಂದು ಸಣ್ಣ ಸ್ಟೀಲ್ ಡಬ್ಬಿ. ನನ್ನದಲ್ಲ. ಹಿಂದಿನ ಸಂಜೆ ಎರಡು ಓಣಿ ಆಚೆಯಿಂದ ಬಂದು ಇಟ್ಟುಹೋಗಿದ್ದಳು ಕಾಕು ಮಗಳು. ಅವಳ ತಾಯಿಯೂ ಒಂದು ಕಾಲಕ್ಕೆ, ಶಹಾಬಾದಿನಲ್ಲಿ, ನನ್ನ ಫ್ರಿಜ್ಜಿನಲ್ಲಿ ಇಂಥದೇ ಡಬ್ಬಿ ಇಡುತ್ತಿದ್ದರು.

ಅವರನ್ನು ನಾನು ಕಾಕು ಎನ್ನುತ್ತಿದ್ದೆ. ರಕ್ತಸಂಬಂಧವೇನಿಲ್ಲ, ಗೋಡೆಗೆ ಗೋಡೆ ಹತ್ತಿದ ಮನೆ. ನಾನು ಮದುವೆಯಾಗಿ ಹೋದ ಹೊಸತು. ತವರಿನವರು ಕೊಟ್ಟ ಫ್ರಿಜ್ಜು ಇಡೀ ಓಣಿಗೆ ಒಂದೇ. ಐಸಿಗೆಂದು, ತಣ್ಣೀರಿಗೆಂದು ಜನ ಬಂದುಹೋಗುತ್ತಿದ್ದರು. ಕಾಕು ಮಾತ್ರ ದಿನಾ ಎರಡು ಹೊತ್ತು ಬರುತ್ತಿದ್ದರು, ಕೈಯಲ್ಲಿ ಒಂದು ಬಟ್ಟಲು ಹಿಡಿದು. ಯಾರಾದರೂ ಕೇಳಿದರೆ "ಹೆಪ್ಪಿಗಿ ಮಸರ ತರ್ಲಕ ಹೊಂಟೀನಿ" ಎನ್ನುವುದು. ಒಳಗೆ ಬಂದು ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ಡಬ್ಬಿಯಿಂದ ಇನ್ಸುಲಿನ್ ಸೀಸೆ ತೆಗೆದು, ಸೆರಗು ಸರಿಸಿ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುತ್ತಿದ್ದರು. ಹೋಗುವಾಗ ಬಟ್ಟಲಿಗೆ ನಾನು ಒಂದು ಚಮಚ ಮೊಸರು ಹಾಕಲೇಬೇಕು. ಹೇಳಿದ ಸುಳ್ಳು ಪೂರಾ ಸುಳ್ಳಾಗಬಾರದು ಅವರಿಗೆ. ಎರಡು ಹೊತ್ತೂ ಹೆಪ್ಪು ಹಾಕುವಷ್ಟು ಹಾಲು ಆ ಮನೆಗೆ ಎಲ್ಲಿಂದ ಬರುತ್ತದೆ ಎಂದು ಓಣಿಯವರು ಯಾಕೆ ಕೇಳಲಿಲ್ಲವೋ... ಬೇರೆ ಎಲ್ಲವನ್ನೂ ಕೇಳುವ ಓಣಿ ಅದು.

ಇಷ್ಟೆಲ್ಲ ಮಗಳ ಮದುವೆಗಾಗಿ. ಕಾಕು ಅವರ ತಾಯಿಗೆ ಸಕ್ಕರೆ ಕಾಯಿಲೆಯಿಂದ ಕಾಲು ಹೋಗಿತ್ತು, ಅಣ್ಣನಿಗೆ ಕಣ್ಣು. ಚಿತ್ತಾಪುರದಿಂದ ಬಂದ ಒಂದು ಸಂಬಂಧ ಎಲ್ಲ ಒಪ್ಪಿ ಆಮೇಲೆ ಸುಮ್ಮನಾಯಿತು. ಆ ಮನೆತನಕ್ಕೇ ಸಕ್ಕರೆ ಇದೆ, ಸೊಸೆಯ ಬೆನ್ನಿಗೆ ನಮ್ಮ ಮನೆಗೂ ಬರುತ್ತದೆ ಎಂದರಂತೆ. ಆಗ ನಮ್ಮ ಕಡೆ ಹೆಣ್ಣು ನೋಡಲು ಬಂದವರು ಓದು, ಬಣ್ಣ ಎಲ್ಲ ಕೇಳಿ ಮುಗಿಸಿ, ಕಡೆಗೆ ದನಿ ತಗ್ಗಿಸಿ ಇದೊಂದನ್ನು ಕೇಳಲು ಶುರುಮಾಡಿದ್ದರು. ಕೇಳುವುದರಲ್ಲಿ ತಪ್ಪೂ ಇಲ್ಲ. ತಾಯಿ ತಂದೆಯಿಂದ ಮಕ್ಕಳಿಗೆ ಬರುವ ರೋಗವೇ ಅದು.

ಡಾಕ್ಟರು ಕಾಕುಗೆ, ಅನ್ನ ಕಡಿಮೆ ಮಾಡಿ, ಒಂದೆರಡು ಜೋಳದ ರೊಟ್ಟಿ, ಪಲ್ಯ ತಿನ್ನಿ, ಸಿಹಿ ಮುಟ್ಟಬೇಡಿ ಎಂದಿದ್ದರು. ರೊಟ್ಟಿಯೇನೋ ಸರಿ. ಚಹಾದ್ದೇ ಕಷ್ಟ. ನಮ್ಮ ಓಣಿಯಲ್ಲಿ ಬಿನಾ ಸಕ್ಕರಿ ಚಹಾ ಕೇಳಿದರೆ ಡಂಗುರ ಹೊಡೆಸಿದಂತೆಯೇ. ಅದಕ್ಕೇ ಕಾಕು ಯಾರ ಮನೆಗೆ ಹೋದರೂ ಸಕ್ಕರೆ ಹಾಕಿದ ಚಹಾ ಕುಡಿಯುತ್ತಿದ್ದರು, ಕೆಲವೊಮ್ಮೆ ಇನ್ನೊಂದು ಚಮಚ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ನಿಮ್ಮ ತಾಯಿಗೆ ಇತ್ತಾ ಎಂದು ಡಾಕ್ಟರು ಕೇಳಿದಾಗಲೂ ಇಲ್ಲವೆಂದೇ ಹೇಳಿದ್ದರು. ಯಾಕ್ರಿ ಕಾಕು, ಅವರಿಗೆ ಹೇಳಿದರೇನು ಎಂದಿದ್ದೆ.

"ಡಾಕ್ಟರಗೂ ಬಾಯಿ ಅದಲ್ಲ ತಂಗಿ," ಎಂದಿದ್ದರು.

ಕಡೆಗೆ ಸೇಡಂನ ಸಂಬಂಧ ಕೂಡಿಬಂತು. ನಿಶ್ಚಯವಾದ ದಿನ ಬಾಯಿ ಸಿಹಿ ಮಾಡುವ ಪದ್ಧತಿ, ಬೀಗರು ಬೀಗರ ಬಾಯಿಗೆ ಸಕ್ಕರೆ ಹಾಕಬೇಕು. ಗಂಡಿನ ತಾಯಿ ನಗುತ್ತಾ ತಾಟಿನಿಂದ ಮುಷ್ಟಿ ತುಂಬ ಸಕ್ಕರೆ ತೆಗೆದು ಕಾಕು ಬಾಯಿಗೆ ಹಾಕಿದರು. ಕಾಕು ಅಷ್ಟೂ ಅಗಿದು ನುಂಗಿ, ಅಷ್ಟೇ ತುಂಬು ಮುಷ್ಟಿ ಬೀಗತಿಯ ಬಾಯಿಗೆ ಹಾಕಿದರು. ಅವರೂ ಚೂರೂ ಹಿಂದೆಮುಂದೆ ನೋಡದೆ ತಿಂದರು. ಆಮೇಲೆ ಊಟಕ್ಕೆ ಹೋಳಿಗೆ, ಮೇಲೆ ತುಪ್ಪ. ಇಬ್ಬರೂ ಎದುರುಬದುರು ಕುಳಿತು ಒಬ್ಬರಿಗೊಬ್ಬರು ಒತ್ತಾಯ ಮಾಡಿ ಬಡಿಸಿಕೊಂಡರು. ಎಂಥ ಒಳ್ಳೆಯ ಬೀಗರು ಎಂದು ಎಲ್ಲರಿಗೂ ಸಂತೋಷ. ಸಂಜೆ ಕಾಕು ಬಟ್ಟಲು ಹಿಡಿದು ಬಂದಾಗ ಸುಸ್ತಾಗಿದ್ದರು, ನಾಲಿಗೆ ಒಣಗಿತ್ತು. ಸೂಜಿ ನಾನೇ ಹಾಕಿದೆ.

ಮದುವೆಯಾದ ಮುಂದಿನ ವರ್ಷ ಮಗಳ ಸೀಮಂತ, ನಮ್ಮ ಕಡೆ ಕುಬಸ. ಬಸುರಿಗೆ ಕಳಿಸಲೆಂದು ಕಾಕು ಮಾಳಿಗೆಯ ಮೇಲೆ ಸಂಡಿಗೆ ಹಾಕುತ್ತಿದ್ದರು. ಶಹಾಬಾದಿನ ಬೇಸಿಗೆ, ಮಾಳಿಗೆಗೆಲ್ಲ ಹಾಸಿದ್ದು ಪರಸಿ ಕಲ್ಲು. ಮಧ್ಯಾಹ್ನ ಅದರ ಮೇಲೆ ಚಪ್ಪಲಿಯಿಲ್ಲದೆ ಕಾಲಿಡಲಾಗದು. ಸಂಡಿಗೆ ಹಾಕುವ ಜಾಗದಲ್ಲಿ ಚಪ್ಪಲಿ ಹಾಕಬಾರದೆಂದು ಕಾಕು ಬರಿಗಾಲಲ್ಲಿ ಓಡಾಡಿದ್ದರು. ನಾನು ಹೋದಾಗ ಕಲ್ಲಿನ ಮೇಲೆ ಅಲ್ಲಲ್ಲಿ ಒದ್ದೆ ಹೆಜ್ಜೆ ಕಂಡವು. ನೀರೆಂದುಕೊಂಡೆ. ಕೂರಿಸಿ ಅಂಗಾಲು ನೋಡಿದರೆ ಬೊಬ್ಬೆಗಳೆದ್ದು ಒಡೆದಿದ್ದವು. ಕಾಕು ಬೇರೆ ಯಾರದೋ ಕಾಲು ನೋಡುವಂತೆ ಅದನ್ನೇ ನೋಡುತ್ತ ಕುಳಿತರು.

"ಸುಟ್ಟಿದ್ದೇ ಗೊತ್ತಾಗ್ಲಿಲ್ಲ ನೋಡು," ಎಂದರು.

ಕಲಬುರಗಿಗೆ ಹೋಗೋಣ ನಡೀರಿ ಎಂದೆ. ಕಾಕು ಒಪ್ಪಲಿಲ್ಲ. ದೊಡ್ಡ ದವಾಖಾನೆಯಲ್ಲಿ ಇಟ್ಟುಕೊಂಡರೆ ಬೀಗರು ನೋಡಲು ಬರುತ್ತಾರೆ, ಯಾಕೆ ಏನು ಎಂದು ಕೇಳುತ್ತಾರೆ. ಬಸುರಿ ಮಗಳು ಆ ಮನೆಯಲ್ಲಿ ಮಾತು ಕೇಳಬೇಕು. "ಕುಬಸ ಒಂದು ಮುಗೀಲಿ ತಂಗಿ, ಆಮ್ಯಾಲ ಎಲ್ಲಿ ಅಂತಿ ಅಲ್ಲಿ ಬರ್ತೀನಿ." ಕುಬಸದ ದಿನ ಕಾಲಿಗೆ ಬಟ್ಟೆ ಸುತ್ತಿಕೊಂಡು, ಕಲ್ಲು ತಾಗಿತು ಎಂದು ಎಲ್ಲರಿಗೂ ಹೇಳಿ, ಓಡಾಡಿ ಬಡಿಸಿದರು. ಆಮೇಲೆ ಕಲಬುರಗಿಗೆ ಹೋಗಿದ್ದೂ ಆಯಿತು. ಮೊದಲು ಬೆರಳು ತೆಗೆದರು, ಆಮೇಲೆ ಮೊಣಕಾಲಿನವರೆಗೆ... ಮೊಮ್ಮಗಳು ಹುಟ್ಟಿದ ಸುದ್ದಿ ಕೇಳಿದ್ದರು. ಮುಖ ನೋಡಲಿಲ್ಲ.

ನನಗೆ ಅಳು ಬರಲಿಲ್ಲ. ಮಣ್ಣು ಮಾಡಿ ಬಂದ ಮೇಲೂ ಬರಲಿಲ್ಲ. ಎರಡು ಹೊತ್ತು ಸುಮ್ಮನೆ ಫ್ರಿಜ್ಜಿನ ಹತ್ತಿರ ಹೋಗಿ ನಿಲ್ಲುತ್ತಿದ್ದೆ, ಅಷ್ಟೇ.

ಮೂರನೇ ದಿನ ಸೇಡಂನ ಬೀಗತಿ ಬಂದಿದ್ದರು. ಕಾಕು ಮನೆಯ ಪಡಸಾಲೆಯಲ್ಲಿ ನಾನೇ ಎಲ್ಲರಿಗೂ ಚಹಾ ಕೊಡುತ್ತಿದ್ದೆ. ಅವರು ಕಪ್ಪನ್ನು ಮುಟ್ಟದೆ ಬಹಳ ಹೊತ್ತು ಕುಳಿತಿದ್ದರು. ಎಲ್ಲರೂ ಎದ್ದುಹೋದ ಮೇಲೆ ನನ್ನನ್ನು ಹತ್ತಿರ ಕರೆದು, "ನನಗ ಬಿನಾ ಸಕ್ಕರಿದು ಕೊಡವ್ವ," ಎಂದರು. "ಭಾಳ ವರ್ಷ ಆತು ನನಗ. ಸೂಜಿ ಮ್ಯಾಲೇ ಇದ್ದೀನಿ. ಅಕಿಗಿ ಹೇಳಿದ್ದಿಲ್ಲ," ಎಂದರು.

ನನಗೆ ಸಕ್ಕರೆಯ ತಾಟು ನೆನಪಾಯಿತು. ಒಬ್ಬರ ಬಾಯಿಗೆ ಒಬ್ಬರು ಹಾಕಿದ ಆ ಎರಡು ಮುಷ್ಟಿ. ಒಳಗೆ ಹೋಗಿ ಬಿನಾ ಸಕ್ಕರಿ ಚಹಾ ಮಾಡಿ ತಂದುಕೊಟ್ಟೆ.

ಗಂಡನಿಗೆ ಕೋಡ್ಲಾದ ಕಾರ್ಖಾನೆಯಲ್ಲಿ ಕೆಲಸವಾಗಿ ನಾವು ಸೇಡಂಗೆ ಬಂದು ಎಷ್ಟೋ ವರ್ಷವಾಯಿತು. ಕಾಕು ಮಗಳು ನನ್ನನ್ನು ವೈನಿ ಎಂದೇ ಕರೆಯುತ್ತಾಳೆ. ಮೊನ್ನೆ ಸಂಜೆ ಡಬ್ಬಿ ತಂದವಳು ಬಾಗಿಲಲ್ಲೇ ನಿಂತು ಹೇಳಿದಳು.

"ನಾಳಿಗಿ ಪೋರಿಗಿ ನೋಡ್ಲಕ ಬರ್ಲಕತ್ತಾರ ವೈನಿ. ಚಿಂಚೋಳಿ ಕಡಿಯೋರು. ಮನ್ಯಾಗ ಫ್ರಿಜ್ ತೆಗದ್ರ ಕಾಣ್ತದ."

ಡಬ್ಬಿಯಲ್ಲಿ ಎರಡು ಸೀಸೆಗಳಿದ್ದವು. ಕಾಕು ಡಬ್ಬಿಯಲ್ಲಿ ಒಂದೇ ಇರುತ್ತಿತ್ತು.

ನಿನ್ನೆ ಇಳಿಹೊತ್ತಿಗೆ ಇಬ್ಬರೂ ಬಂದರು, ತಾಯಿ ಮಗಳು. ಸಂಬಂಧ ಕೂಡಿತಂತೆ, ಬಾಯಿ ಸಿಹಿಯೂ ಆಯಿತಂತೆ. ತಾಯಿ ಮೊದಲು ಚುಚ್ಚಿಕೊಂಡಳು. ಆಮೇಲೆ ಹುಡುಗಿ. ಹೊಸ ಸೀರೆಯನ್ನು ಸರಿಸಿ, ಎಂದಿನ ಕೆಲಸವೆಂಬಂತೆ. ಅವಳ ತುಟಿಯ ಅಂಚಿಗೆ ಸಕ್ಕರೆಯ ಹರಳು ಇನ್ನೂ ಅಂಟಿಕೊಂಡಿತ್ತು. ಕೂತ ರೀತಿ, ಕತ್ತು ಬಾಗಿಸಿದ ರೀತಿ ಥೇಟ್ ಕಾಕು. ಅಜ್ಜಿಯನ್ನು ಅವಳು ನೋಡಿದವಳಲ್ಲ.

ಚಿಂಚೋಳಿಯವರ ಡಬ್ಬಿ ಯಾರ ಫ್ರಿಜ್ಜಿನಲ್ಲಿದೆಯೋ ಎಂದುಕೊಂಡೆ. ಹೊರಡುವಾಗ ಹುಡುಗಿಯ ಕೈಗೆ ಬಟ್ಟಲಲ್ಲಿ ಒಂದು ಚಮಚ ಮೊಸರು ಹಾಕಿಕೊಟ್ಟೆ. ಯಾಕೆಂದು ಅವಳು ತಾಯಿಯ ಮುಖ ನೋಡಿದಳು. ಕಾಕು ಮಗಳು ಗೋಡೆ ಹಿಡಿದು ನಿಂತು ಅಳಲು ಶುರುಮಾಡಿದಳು.