ಗಾಜು ಹಾಕಬೇಡ ಅಂದಿದ್ದರು

ನಮ್ಮ ಡ್ರಾಯಿಂಗ್ ಟೀಚರ್ ಬಲಗೈ ಹೆಬ್ಬೆರಳಿನ ಉಗುರುಸಂದಿಯಲ್ಲಿ ಸದಾ ಬಿಳಿ ಬಣ್ಣ ಇರುತ್ತಿತ್ತು. ಎಷ್ಟು ತಿಕ್ಕಿದರೂ ಹೋಗದ ಎಣ್ಣೆಬಣ್ಣ. ಸೀರೆಗೆ ಇಸ್ತ್ರಿ, ತಲೆ ಒಪ್ಪವಾಗಿ ಬಾಚಿದ್ದು, ಕೈಚೀಲದಿಂದ ಮಾತ್ರ ಟರ್ಪೆಂಟೈನ್ ವಾಸನೆ. ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದರಂತೆ. ಚೀಲ ಇಡುವುದಕ್ಕೆ ಜಾಗ ಸಿಕ್ಕಿತು ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು.

ಹೈಸ್ಕೂಲಿನಲ್ಲಿ ನನಗೆ ಚಿತ್ರ ಕಲಿಸಿದವರು ಅವರು. ಒಂದು ಮಾವಿನಹಣ್ಣೂ ನೆಟ್ಟಗೆ ಬಿಡಿಸಲು ನನಗೆ ಬರಲಿಲ್ಲ, ಆ ಮಾತು ಬಿಡಿ. ಕುಶಾಲನಗರದ ಮೇನ್ ರೋಡಿನಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟೆ. ದೇವರ ಫೋಟೋ, ಮದುವೆ ಫೋಟೋ, ತೀರಿಕೊಂಡವರ ಫೋಟೋ, ಇಷ್ಟೇ ನನ್ನ ಪ್ರಪಂಚ. ನಿವೃತ್ತರಾದ ಮೇಲೆ ಟೀಚರ್ ಪ್ರತಿ ಗುರುವಾರ ಹನ್ನೊಂದು ಗಂಟೆಗೆ ಬಂದು ಅಲ್ಲಿ ಕೂರತೊಡಗಿದರು. ಮದುವೆ ಆದವರಲ್ಲ. ಅವರ ಮನೆಯವರು ಹಾಸನದ ಕಡೆಯಿಂದ ಬಂದು ಇಲ್ಲಿ ಭೂಮಿ ಮಾಡಿದವರು. ಅಪ್ಪ ಅಮ್ಮ ಹೋದ ಮೇಲೆ ಅಣ್ಣಂದಿರು ಶುಂಠಿ, ಭತ್ತ ಎಂದು ತಮ್ಮ ಪಾಡಿಗೆ ತಾವಾದರು. ಹೂವಿನ ಚಿತ್ರ ಬರೆದುಕೊಂಡು ಕೂತ ತಂಗಿಯನ್ನು ಏನು ಮಾಡುವುದೆಂದು ಅವರಿಗೂ ತಿಳಿಯಲಿಲ್ಲವೇನೋ. ಬಾಡಿಗೆ ಮನೆಯ ಗೋಡೆ ತುಂಬ ಡೇಲಿಯಾ, ದಾಸವಾಳ, ಹೆಸರೇ ಗೊತ್ತಿಲ್ಲದ ಕಾಡು ಹೂಗಳು. ನೋಡುವವರು ಯಾರೂ ಇರಲಿಲ್ಲ.

ಅವರಿಗೆ ಹಟ ಇದ್ದದ್ದು ಕಾಫಿ ಹೂವಿನ ಮೇಲೆ. ಬೇಸಿಗೆಯ ಮೊದಲ ಮಳೆ, ಹೂಮಳೆ ಅನ್ನುತ್ತಾರೆ, ಅದು ಬಿದ್ದು ಎಂಟು ಹತ್ತು ದಿನಕ್ಕೆ ಅದು ಅರಳುತ್ತದೆ, ಮೂರು ದಿನಕ್ಕೆ ಕಂದುತ್ತದೆ. ಆ ಮೂರು ದಿನವೂ ಕ್ಯಾನ್ವಾಸು, ಮಡಚುವ ಸ್ಟೂಲು ಹೊತ್ತುಕೊಂಡು ಬಸ್ಸು ಹತ್ತಿ ಪಾಲಿಬೆಟ್ಟದ ಕಡೆ ಪರಿಚಯದ ಎಸ್ಟೇಟಿಗೆ ಹೋಗುತ್ತಿದ್ದರು. ಬಿಳಿ ಹೂವಿಗೆ ನೀಲಿ, ಹಳದಿ ಎಲ್ಲ ಬಳಿಯುತ್ತೀರಲ್ಲ ಎಂದು ನಾನೊಮ್ಮೆ ಛೇಡಿಸಿದ್ದೆ.

"ಬಿಳಿಗೆ ಬರೀ ಬಿಳಿ ಹಾಕಿದ್ರೆ ಅದು ಸುಣ್ಣ ಮಾರಾಯ, ಹೂ ಅಲ್ಲ" ಅಂದರು.

ವರ್ಷಗಟ್ಟಲೆ ಅದು ಅವರಿಗೆ ಒಲಿಯಲಿಲ್ಲ. ಒಂದು ವರ್ಷ ಒಲಿಯಿತು. ಕೊಂಬೆಯುದ್ದಕ್ಕೂ ಹೂ, ದಪ್ಪಗೆ ಬಣ್ಣ ಮೆತ್ತಿದ ಎಸಳುಗಳು. ಚಿತ್ರದ ಗಂಧಗಾಳಿ ಇಲ್ಲದ ನಾನೂ ಅದನ್ನು ಹತ್ತಿರದಿಂದೊಮ್ಮೆ, ದೂರದಿಂದೊಮ್ಮೆ ನೋಡಿದೆ. ಮೊಬೈಲಿನಲ್ಲಿ ತೆಗೆದ ಫೋಟೋ ಕಳಿಸಿದ್ದಕ್ಕೆ ಮೈಸೂರಿನ ಒಂದು ಪ್ರದರ್ಶನಕ್ಕೆ ಅದು ಆಯ್ಕೆಯಾಯಿತು. ಅವರ ಚಿತ್ರವೊಂದು ಅವರ ಮನೆ ಬಿಟ್ಟು ಬೇರೆ ಗೋಡೆ ಕಾಣುವುದು ಅದೇ ಮೊದಲು. ಪ್ರದರ್ಶನ ಇದ್ದದ್ದು ಮಳೆ ಮುಗಿದ ಮೇಲೆ. ತಮ್ಮ ಮನೆ ಥಂಡಿ, ಅಲ್ಲಿಯವರೆಗೆ ಅಂಗಡಿಯಲ್ಲೇ ಇರಲಿ ಎಂದು ಜೂನಿನಲ್ಲಿ ತಂದುಕೊಟ್ಟರು. ಚೌಕಟ್ಟು ಸಾಕು, ಗಾಜು ಬೇಡ, ಎಣ್ಣೆಬಣ್ಣಕ್ಕೆ ಗಾಳಿ ಬೇಕು ಎಂದು ಎರಡು ಸಲ ಹೇಳಿದರು.

ನಾನು ಗಾಜು ಹಾಕಿದೆ. ಮೈಸೂರಿಗೆ ಹೋಗುವ ಮಾಲು, ಗಾಜಿಲ್ಲದೆ ಅರೆಬರೆಯಾಗಿ ಕಳಿಸಿದರೆ ನನ್ನ ಅಂಗಡಿಯ ಮರ್ಯಾದೆ ಏನಾಗಬೇಕು? ನಮ್ಮ ಮಳೆಗಾಲದಲ್ಲಿ ಗಾಜಿಲ್ಲದ ಫೋಟೋ ಉಳಿಯುವುದಿಲ್ಲ ಎಂಬುದು ನನಗೆ ಗೊತ್ತಿದ್ದ ಏಕೈಕ ವಿದ್ಯೆ. ಹಿಂದಿನಿಂದ ಪ್ಲೈವುಡ್ ಕೊಟ್ಟು ಸುತ್ತ ಟೇಪು ಅಂಟಿಸಿ, ಕಾಗದ ಸುತ್ತಿ ಟೀಚರ್ ಕಣ್ಣಿಗೆ ಬೀಳದಂತೆ ಅಟ್ಟಕ್ಕೇರಿಸಿ, ದೊಡ್ಡ ಉಪಕಾರ ಮಾಡಿದವನಂತೆ ಬೀಗಿದೆ. ಸೆಪ್ಟೆಂಬರಿನಲ್ಲಿ ಬಿಚ್ಚಿ ನೋಡಿದರೆ ಒಳಗೆ ಒಣಗದ ಬಣ್ಣ ಗಾಜಿಗೆ ಕಚ್ಚಿಕೊಂಡಿತ್ತು. ಗಾಜು ಎತ್ತಿದೆ, ಹೂಗಳೂ ಅದರ ಜೊತೆ ಎದ್ದು ಬಂದವು. ಟೀಚರ್ ಬರುವ ಮೊದಲೇ ಆ ಗಾಜನ್ನು ಒಡೆದು ಎಸೆದೆ.

ಅವರು ಬಂದಾಗ, ಬಣ್ಣ ಸರಿಯಾಗಿ ಒಣಗಿರಲಿಲ್ಲ, ಬೂಷ್ಟು ಹಿಡಿಯಿತು ಎಂದು ಸುಳ್ಳು ಹೇಳಿದೆ. ಕಿತ್ತುಹೋದ ಜಾಗದ ಮೇಲೆ ಅವರು ಬೆರಳಾಡಿಸಿದರು. ತಮ್ಮದೇ ಅವಸರ ಇರಬೇಕು ಎಂದು ಚಿತ್ರ ಎತ್ತಿಕೊಂಡು ಹೋದರು. ಮುಂದಿನ ಗುರುವಾರ ಯಥಾಪ್ರಕಾರ ಬಂದು ಕೂತರು. ಆಮೇಲೆ ಕಾಫಿ ಹೂ ಬರೆಯಲು ಹೋಗಲಿಲ್ಲ, ಸ್ಟೂಲಿನಲ್ಲಿ ಕೂತರೆ ಮಂಡಿ ಏಳಲು ಬಿಡುವುದಿಲ್ಲ ಅನ್ನುತ್ತಿದ್ದರು. ಆ ಸುಳ್ಳನ್ನು ನಾನು ಆರು ವರ್ಷ ಹಾಗೇ ಇಟ್ಟುಕೊಂಡಿದ್ದೆ.

ಕಳೆದ ವರ್ಷ ಎರಡು ವಾರ ಅವರು ಬರಲಿಲ್ಲ. ಮನೆಗೆ ಹೋದೆ. ಮಂಚದ ಮೇಲಿದ್ದರು, ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ನೀರು ಕೊಟ್ಟೆ. ಇನ್ನು ತಡೆಯಲಾರದೆ ಎಲ್ಲ ಹೇಳಿಬಿಟ್ಟೆ, ಗಾಜು ಹಾಕಿದ್ದು, ಒಡೆದು ಎಸೆದದ್ದು, ಎಲ್ಲ.

"ಗೊತ್ತು ಮಾರಾಯ" ಅಂದರು. "ಬೂಷ್ಟು ಬಂದ್ರೆ ಎಸಳು ಕಪ್ಪಾಗ್ತದೆ, ಕಿತ್ತು ಬರ್ತದಾ? ಆವತ್ತೇ ಗೊತ್ತಾಯ್ತು."

ಮತ್ತೆ ಯಾಕೆ ಬಯ್ಯಲಿಲ್ಲ ಎಂದು ಕೇಳಿದೆ.

"ಬೈದಿದ್ರೆ ನಿಂಗೆ ನನ್ನ ಮುಖ ನೋಡೋಕೆ ಕಷ್ಟ ಆಗ್ತಿತ್ತು. ಆಮೇಲೆ ಗುರುವಾರ ನಾನು ಎಲ್ಲಿಗೆ ಹೋಗ್ಲಿ?"

ಹತ್ತು ದಿನಕ್ಕೆ ಅವರು ತೀರಿಕೊಂಡರು. ಆ ಗುರುವಾರಗಳಲ್ಲಿ ನಾನು ಅವರ ಜೊತೆ ಆಡಿದ ಮಾತಾದರೂ ಎಷ್ಟು? ಬಾಯಲ್ಲಿ ಮೊಳೆ ಕಚ್ಚಿಕೊಂಡು ಕೆಲಸ ಮಾಡುವವನು ನಾನು. ಅವರು ಏನೇ ಹೇಳಿದರೂ ಬರೀ ಹ್ಞೂಂ. ಇವರು ಯಾವಾಗ ಏಳುತ್ತಾರಪ್ಪಾ ಎಂದು ಎಷ್ಟೋ ಸಲ ಗಡಿಯಾರ ನೋಡಿದ್ದೇನೆ. ಆ ಒಂದು ಹ್ಞೂಂ ಉಳಿಸಿಕೊಳ್ಳುವುದಕ್ಕೆ ಅವರು ತಮ್ಮ ಕಾಫಿ ಹೂವನ್ನು ಬಿಟ್ಟುಕೊಟ್ಟಿದ್ದರು.