ಲೂಸಿ ಟೀಚರ್ ಕಾರಿನ ಹಿಂದಿನ ಸೆನ್ಸರ್

ಲೂಸಿ ಟೀಚರ್, ನಿಮ್ಮ ಕಾರಿನ ಹೊಗೆ ಪೈಪಿನ ಹಿಂದಿನ ಸೆನ್ಸರ್ ಹಾಳಾಗಿರಲಿಲ್ಲ. ಹಾಳಾಗಿದೆ ಎಂದು ನಾನು ಹೇಳಿದ್ದು ಸುಳ್ಳು. ಮೂರು ವರ್ಷದಿಂದ ನಿಮ್ಮ ಕಾರು ಶುದ್ಧವಾಗದ ಹೊಗೆಯನ್ನೇ ಬಿಡುತ್ತಿದೆ, ಅದಕ್ಕೆ ಕಾರಣ ನಾನು — ನಿಮ್ಮ ಸದಾಶಿವ.

ಎದುರು ನಿಂತು ಹೇಳಲೆಂದು ಎರಡು ಸಲ ಇನ್ನಂಜೆಯ ನಿಮ್ಮ ಮನೆಯವರೆಗೆ ಬಂದಿದ್ದೆ. ನೀವು ಗೇಟಿನಲ್ಲೇ "ಎಂತ ಮಾರಾಯ, ಇಷ್ಟು ಸಪೂರ ಆಗಿದ್ದೀಯಲ್ಲ, ಊಟ ಉಂಟಾ ಇಲ್ವಾ?" ಎಂದು ಶುರು ಮಾಡಿದಿರಿ. ಎರಡು ಸಲವೂ ಊಟ ಮಾಡಿ ವಾಪಸು ಹೋದೆ. ನಿಮ್ಮ ಮುಂದೆ ಬಾಯಿ ಕಟ್ಟಿಹೋಗುವುದು, ಕಾಪುವಿನ ಶಾಲೆಯಲ್ಲಿ ನೀವು ಸೈನ್ಸ್ ಕಲಿಸುತ್ತಿದ್ದ ಕಾಲದಿಂದಲೂ ನನಗಿರುವ ರೋಗ.

ನಡೆದದ್ದು ಇಷ್ಟು. ಕಾರು ಮಿಸ್ಸಿಂಗ್ ಹೊಡೆಯುತ್ತದೆ, ಜಗ್ಗುತ್ತದೆ ಎಂದು ನೀವು ಮೂರು ಸಲ ಸಂತೆಕಟ್ಟೆಯ ನನ್ನ ಗ್ಯಾರೇಜಿಗೆ ತಂದಿರಿ. ನಾನು ಬಾನೆಟ್ ಎತ್ತಿ ಕಿವಿಗೊಟ್ಟು, ದೊಡ್ಡ ಡಾಕ್ಟರರ ಹಾಗೆ, "ಪೆಟ್ರೋಲಿನ ಸಮಸ್ಯೆ ಟೀಚರ್, ಓಡಿಸಿ, ಸರಿ ಆಗ್ತದೆ" ಎಂದೆ. ದೋಷ ತೋರಿಸುವ ಸ್ಕ್ಯಾನರ್ ಹಾಕಿ ನೋಡಲಿಲ್ಲ. ನನ್ನ ಕಿವಿಯ ಮೇಲೆ ನನಗೆ ಅಷ್ಟು ಗರ್ವ. ಒಂದು ಪ್ಲಗ್ ಸರಿಯಾಗಿ ಕಿಡಿ ಕೊಡುತ್ತಿರಲಿಲ್ಲ. ಉರಿಯದ ಪೆಟ್ರೋಲ್ ಹೊಗೆಯ ಪೈಪಿಗೆ ಹೋಗಿ, ಅಲ್ಲಿ ಹೊಗೆಯನ್ನು ಶುದ್ಧ ಮಾಡುವ ಕನ್ವರ್ಟರಿನೊಳಗೆ ಉರಿದು, ಅದನ್ನೇ ಸುಟ್ಟುಹಾಕಿತು.

ಕೊನೆಗೆ ಪ್ಲಗ್ ಬದಲಿಸಿದೆ, ಜಗ್ಗುವುದು ನಿಂತಿತು. ಆದರೆ ಸ್ಟೇರಿಂಗಿನ ಮುಂದೆ ಎಂಜಿನ್ ದೋಷ ತೋರಿಸುವ ಲ್ಯಾಂಪ್ ಹೊತ್ತಿಕೊಂಡಿತು.

ನಿಮಗೆ ಸೈನ್ಸ್ ಕಲಿಸುವಷ್ಟು ದೊಡ್ಡವ ನಾನಲ್ಲ — ಆದರೂ ಇದನ್ನು ಹೇಳಲೇಬೇಕು. ಕನ್ವರ್ಟರಿನ ಮುಂದೊಂದು, ಹಿಂದೊಂದು ಸೆನ್ಸರ್ ಇರುತ್ತದೆ. ಎರಡೂ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುತ್ತವೆ. ಮುಂದಿನದು ಹೇಳಿದಂತೆ ಕಾರಿನ ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತಲೇ ಇರುತ್ತದೆ, ಹಾಗಾಗಿ ಅದರ ಅಳತೆ ಏರುತ್ತ ಇಳಿಯುತ್ತ ಇರುತ್ತದೆ. ಕನ್ವರ್ಟರ್ ಚೆನ್ನಾಗಿದ್ದರೆ ಆ ಏರಿಳಿತ ಅಲ್ಲೇ ಅಡಗಿ, ಹಿಂದಿನ ಸೆನ್ಸರ್ ಹೆಚ್ಚುಕಡಿಮೆ ಒಂದೇ ಅಳತೆ ತೋರಿಸುತ್ತದೆ. ನಿಮ್ಮ ಕಾರಿನಲ್ಲಿ ಹಿಂದಿನದೂ ಮುಂದಿನದರ ಹಾಗೆಯೇ ಕುಣಿಯುತ್ತಿತ್ತು. ಕನ್ವರ್ಟರ್ ಸತ್ತಿದೆ ಎಂದು ಅದು ಸರಿಯಾಗಿಯೇ ಹೇಳುತ್ತಿತ್ತು. ನಾನು ಆ ಸೆನ್ಸರನ್ನು ಬಿಚ್ಚಿ, ಪೈಪಿಗೂ ಅದಕ್ಕೂ ನಡುವೆ ಬೆರಳುದ್ದದ ಪೊಳ್ಳು ಲೋಹದ ತುಂಡೊಂದನ್ನು ಸೇರಿಸಿ, ಹೊಗೆಯ ಹರಿವಿನಿಂದ ಹೊರಗೆ ಕೂರಿಸಿದೆ. ಅದರ ಅಳತೆ ಕುಣಿಯುವುದು ನಿಂತು, ಲ್ಯಾಂಪ್ ಆರಿತು. "ಸೆನ್ಸರ್ ಹಾಳಾಗಿತ್ತು ಟೀಚರ್, ಸರಿ ಮಾಡಿದೆ" ಎಂದೆ.

ನೀವು ನಂಬಿದಿರಿ. ಆ ವರ್ಷ ನಿಮ್ಮ ಹೊಸ ತೆನೆಯ ಮೊಂತಿ ಹಬ್ಬಕ್ಕೆ, ಇಗರ್ಜಿಯಲ್ಲಿ ಪಾದ್ರಿ ಆಶೀರ್ವದಿಸಿದ ತೆನೆಯ ಹೊಸ ಅಕ್ಕಿ ಹಾಕಿದ ಪಾಯಸವನ್ನು ಗ್ಯಾರೇಜಿಗೇ ತಂದು, "ಇದು ಮನೆಯವರಿಗೆ ಮಾತ್ರ ಕೊಡುವುದು, ಗೊತ್ತುಂಟಲ್ಲ?" ಎಂದಿರಿ. ಗೊತ್ತಿತ್ತು. ನಮ್ಮ ತುಳುವರ ಮನೆಯಲ್ಲೂ ಹೊಸ ಅಕ್ಕಿಯ ಊಟಕ್ಕೆ ಮನೆಯವರೇ ಕೂರುವುದು. ತಿಂದೆ ಟೀಚರ್ — ಪೂರ್ತಿ ತಿಂದೆ. ನಿಮ್ಮ ಮೇಲೆ ನನಗಿರುವ ಪ್ರೀತಿ ಸುಳ್ಳಲ್ಲ. ಆದರೆ ನಿಮ್ಮ ಕಣ್ಣಲ್ಲಿ ಸಣ್ಣವನಾಗುವ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು.

ಕಳೆದ ವಾರ ಉಡುಪಿಗೆ ಬಿಡುತ್ತೇನೆಂದು ನನ್ನನ್ನು ಕಾರಿಗೆ ಹತ್ತಿಸಿಕೊಂಡಿರಲ್ಲ — ದಾರಿಯಲ್ಲಿ ನೀವು ಗಾಜು ಇಳಿಸಿ, ಕಪ್ಪು ಹೊಗೆ ಬಿಡುತ್ತಿದ್ದ ಒಬ್ಬ ರಿಕ್ಷಾದವನಿಗೆ ಬೈದಿರಿ. "ಮಕ್ಕಳು ನಡೆಯುವ ರಸ್ತೆ ಇದು. ನನ್ನ ಕಾರು ನೋಡು, ಹೊಗೆ ಉಂಟಾ?" ನಿಮ್ಮ ಕಾರಿನದು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಅವನು ತಲೆ ತಗ್ಗಿಸಿ "ತಪ್ಪಾಯ್ತು ಟೀಚರ್" ಎಂದ. ಜೀವಮಾನದಲ್ಲಿ ಒಂದು ಸುಳ್ಳೂ ಹೇಳದ ನಿಮ್ಮ ಬಾಯಿಂದ ನಾನು ಸುಳ್ಳು ಹೇಳಿಸಿದ್ದೆ, ಮತ್ತು ಪಕ್ಕದಲ್ಲಿ ಬೆಲ್ಟ್ ಹಾಕಿಕೊಂಡು ಸುಮ್ಮನೆ ಕೂತಿದ್ದೆ.

ಮರುದಿನ ಅವನನ್ನು ಹುಡುಕಿಕೊಂಡು ಹೋಗಿ ಎಲ್ಲ ಹೇಳಿದೆ. ಅವನು ನಗಬಹುದೆಂದುಕೊಂಡಿದ್ದೆ, ನಗಲಿಲ್ಲ. "ನನಗೆ ಯಾಕೆ ಹೇಳ್ತೀರಿ? ಟೀಚರಿಗೆ ಗೊತ್ತುಂಟಾ?" ಎಂದು ಕೇಳಿದ.

ಇಲ್ಲ ಎಂದೆ. ಬಂದು ಇದನ್ನು ಬರೆಯಲು ಕೂತೆ.

ಹೊಸ ಕನ್ವರ್ಟರ್ ತರಿಸಿಟ್ಟಿದ್ದೇನೆ. ನಾನೇ ಹಾಕಬೇಕೋ ಬೇರೆಯವರಿಂದ ಹಾಕಿಸುತ್ತೀರೋ, ನೀವು ಹೇಳಿದ ಹಾಗೆ. ಅದಕ್ಕೆ ಮೊದಲು ಒಂದು ಸಲ ಗ್ಯಾರೇಜಿಗೆ ಬನ್ನಿ. ಆ ತುಂಡನ್ನು ತೆಗೆದು ಎಂಜಿನ್ ಶುರು ಮಾಡುತ್ತೇನೆ. ಸ್ಕ್ಯಾನರಿನಲ್ಲಿ ಎರಡೂ ಸೆನ್ಸರುಗಳ ಗೆರೆಗಳು ಒಟ್ಟಿಗೆ ಕುಣಿಯುವುದನ್ನು ನೀವೇ ನೋಡಬೇಕು. ಆಮೇಲೆ ಏನು ಹೇಳಬೇಕೆನಿಸುತ್ತದೋ ಹೇಳಿ — ನಾನು ಅಲ್ಲೇ ನಿಂತಿರುತ್ತೇನೆ.